ಗದಗಿನ ಬೌಲರ್, ಢಾಕಾದ ಮೇಷ್ಟ್ರು

ನವೆಂಬರ್ 2000. ಢಾಕಾ. ಬಾಂಗ್ಲಾದೇಶ ತನ್ನ ಚರಿತ್ರೆಯ ಮೊಟ್ಟಮೊದಲ ಟೆಸ್ಟ್ ಪಂದ್ಯ ಆಡ್ತಾ ಇತ್ತು. ಎದುರಾಳಿ ಭಾರತ. ಮೊದಲ ಇನಿಂಗ್ಸ್‌ನಲ್ಲೇ ಸರಿಯಾಗಿ 400 ರನ್ ಬಂತು. ಇಡೀ ದೇಶಕ್ಕೆ ಹಬ್ಬ. ಆ ಹಬ್ಬ ಕೆಡಿಸಿದ್ದು ಯಾರು ಗೊತ್ತಾ? ಸಚಿನ್ ಅಲ್ಲ, ದ್ರಾವಿಡ್ ಅಲ್ಲ, ಅದೇ ಪಂದ್ಯದಲ್ಲಿ ಮೊದಲ ಸಲ ಟೆಸ್ಟ್ ನಾಯಕನಾದ ಗಂಗೂಲಿಯೂ ಅಲ್ಲ. ನಮ್ಮ ಗದಗಿನ ಸುನಿಲ್ ಜೋಶಿ! ಮೊದಲ ಇನಿಂಗ್ಸ್‌ನಲ್ಲಿ 5 ವಿಕೆಟ್, ಎರಡನೆಯದರಲ್ಲಿ 3, ನಡುವೆ ಬ್ಯಾಟ್ ಹಿಡಿದು 92 ರನ್. ಎರಡನೇ ಸಲ ಬ್ಯಾಟಿಂಗಿಗೆ ಬಂದ ಬಾಂಗ್ಲಾ 91ಕ್ಕೆ ಆಲೌಟ್. ಭಾರತ 9 ವಿಕೆಟ್‌ಗಳಿಂದ ಗೆದ್ದಿತು. ಪಂದ್ಯಶ್ರೇಷ್ಠ ಪ್ರಶಸ್ತಿ ಜೋಶಿಯವರಿಗೆ.

ಈಗ ಹದಿನೇಳು ವರ್ಷ ಮುಂದಕ್ಕೆ ಬನ್ನಿ. 2017ರ ಆಗಸ್ಟ್. ಅದೇ ಬಾಂಗ್ಲಾದೇಶ, ಅದೇ ಜೋಶಿಯವರನ್ನು ಕರೆಸಿಕೊಂಡಿತು. ಯಾಕೆ? ತನ್ನ ಹುಡುಗರಿಗೆ ಸ್ಪಿನ್ ಬೌಲಿಂಗ್ ಕಲಿಸೋದಕ್ಕೆ.

ಇದನ್ನು ಕೇಳಿದ ಕೂಡಲೇ ನಮ್ಮಲ್ಲಿ ಕೆಲವರ ಹುಬ್ಬು ಗಂಟಿಕ್ಕುತ್ತೆ. "ನಮ್ಮಾಂವ ಹೋಗಿ ಅವರಿಗೆ ಕಲಿಸೋದು ಎಷ್ಟು ಸರಿ ರೀ? ನಾಳೆ ಅವರು ನಮ್ಮನ್ನೇ ಸೋಲಿಸಿದ್ರ?" ಪ್ರಶ್ನೆ ತಪ್ಪಲ್ಲ. ಆದರೆ ಉತ್ತರ ಕೊಡೋ ಮೊದಲು ಈ ಮನುಷ್ಯ ನಡೆದು ಬಂದ ದಾರಿ ನೋಡಬೇಕು.

ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್. ಹುಡುಗ ಜೋಶಿ ಬೆಳಗ್ಗೆ ಎದ್ದು ಹುಬ್ಬಳ್ಳಿಗೆ ಬಂದು, ಕ್ರಿಕೆಟ್ ಪ್ರಾಕ್ಟೀಸ್ ಮಾಡಿ, ಸಾಲಿ ಗಂಟೆ ಹೊಡೆಯೋದರೊಳಗೆ ವಾಪಸ್ ಗದಗ ಮುಟ್ಟಬೇಕಿತ್ತು. ಒಂದು ದಿನದ ಮಾತಲ್ಲ, ಅದು ನಿತ್ಯದ ಪಾಡು. ನಮ್ಮ ಉತ್ತರ ಕರ್ನಾಟಕದ ಆಟಗಾರನ ಮೊದಲ ಎದುರಾಳಿ ಯಾವ ತಂಡವೂ ಅಲ್ಲ. ದೂರ!

ಆ ದೂರ ದಾಟಿದ ಹುಡುಗ ಕರ್ನಾಟಕ ತಂಡಕ್ಕೆ ಬಂದರು. 1995-96ರ ರಣಜಿ ಋತುವಿನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್. ಕರ್ನಾಟಕ ಚಾಂಪಿಯನ್. 1996ರಲ್ಲಿ ಇಂಗ್ಲೆಂಡಿನಲ್ಲಿ ಟೆಸ್ಟ್ ಪ್ರವೇಶ. 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಅವರ ಲೆಕ್ಕ ಹೀಗಿತ್ತು: 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಅಂದ್ರೆ 60 ಚೆಂಡಿಗೆ ಕೊಟ್ಟದ್ದು ಬರೀ 6 ರನ್! ಕ್ರೋನಿಯೆ, ಜಾಂಟಿ ರೋಡ್ಸ್ ಥರದವರು ಔಟಾಗಿ ಹೋದರು.

ಇಷ್ಟಾದರೂ ಆಡಿದ್ದು 15 ಟೆಸ್ಟ್, 69 ಏಕದಿನ ಪಂದ್ಯ ಮಾತ್ರ. ಅದು ಕುಂಬ್ಳೆ ಕಾಲ, ಆಮೇಲೆ ಹರ್ಭಜನ್ ಕಾಲ. 2001ಕ್ಕೆ ಭಾರತ ತಂಡದ ಬಾಗಿಲು ಮುಚ್ಚಿತು. ಪ್ರಥಮ ದರ್ಜೆಯಲ್ಲಿ 600ಕ್ಕೂ ಹೆಚ್ಚು ವಿಕೆಟ್ ಕಿತ್ತ ಆಟಗಾರ 2012ರಲ್ಲಿ ಅಧಿಕೃತವಾಗಿ ನಿವೃತ್ತಿ ಹೇಳಿದರು. ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗಿಯುತ್ತೆ. ಜೋಶಿಯವರದು ಇಲ್ಲಿಂದ ಎರಡನೇ ಸಲ ಶುರುವಾಯ್ತು.

2014ರ ಸೆಪ್ಟೆಂಬರ್‌ನಲ್ಲಿ ಕಾಶ್ಮೀರ ಪ್ರವಾಹದಲ್ಲಿ ಮುಳುಗಿತು. ಶ್ರೀನಗರದ ಕ್ರಿಕೆಟ್ ಮೈದಾನಕ್ಕೂ ನೀರು ನುಗ್ಗಿತು. ಆಗ ಜಮ್ಮು-ಕಾಶ್ಮೀರ ತಂಡದ ಕೋಚ್ ಇದೇ ಜೋಶಿ. ಅದೇ ಡಿಸೆಂಬರ್‌ನಲ್ಲಿ ಆ ತಂಡ ಮುಂಬೈಗೆ ಹೋಗಿ, ವಾಂಖೆಡೆಯಲ್ಲಿ, 40 ಸಲ ರಣಜಿ ಗೆದ್ದ ಮುಂಬೈಯನ್ನು 4 ವಿಕೆಟ್‌ಗಳಿಂದ ಮಣಿಸಿತು. ಅವರು ಒಮಾನ್ ತಂಡದ ಸ್ಪಿನ್ ಕೋಚ್ ಕೂಡ ಆದರು. 2016ರ ಟಿ20 ವಿಶ್ವಕಪ್‌ಗೆ ಬಂದ ಒಮಾನ್, ಧರ್ಮಶಾಲಾದಲ್ಲಿ ಐರ್ಲೆಂಡನ್ನು ಸೋಲಿಸಿತು. ಆಮೇಲೆ ಬಂದದ್ದು ಬಾಂಗ್ಲಾ ಕರೆ.

ಅಷ್ಟಕ್ಕೂ ಸ್ಪಿನ್ ಕೋಚ್ ಮಾಡೋದೇನು? ಚೆಂಡು ಬಿಡುವಾಗ ಬೆರಳು ಎಲ್ಲಿದೆ, ಮಣಿಕಟ್ಟು ಹೇಗಿದೆ, ಕ್ರೀಸಿನ ಯಾವ ಮೂಲೆಯಿಂದ ಹಾಕ್ತಾ ಇದ್ದಾನೆ, ಯಾವ ಬ್ಯಾಟ್ಸ್‌ಮನ್‌ಗೆ ಯಾವ ಫೀಲ್ಡಿಂಗ್, ಇದೆಲ್ಲ ನೋಡಬೇಕು. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ಎರಡು ಸಿಕ್ಸರ್ ಹೊಡೆಸಿಕೊಂಡ ಹುಡುಗ ಮೂರನೇ ಚೆಂಡನ್ನೂ ಹೆದರದೆ ಗಾಳಿಯಲ್ಲಿ ತೇಲಿಬಿಡಬೇಕು. ಆ ಧೈರ್ಯ ತುಂಬೋದು. ಇದಕ್ಕೆ ಸ್ಕೋರ್‌ಬೋರ್ಡಿನಲ್ಲಿ ಕಾಲಂ ಇಲ್ಲ.

ಆದರೆ ಒಮ್ಮೊಮ್ಮೆ ಲೆಕ್ಕ ತಾನಾಗಿ ಕಾಣುತ್ತೆ. 2018ರ ಕೊನೆಗೆ ವೆಸ್ಟ್ ಇಂಡೀಸ್ ತಂಡ ಬಾಂಗ್ಲಾಕ್ಕೆ ಬಂತು. ಎರಡು ಟೆಸ್ಟ್. ಬಿದ್ದ 40 ವಿಕೆಟ್‌ಗಳಲ್ಲಿ 40ನ್ನೂ ಸ್ಪಿನ್ನರ್‌ಗಳೇ ಕಿತ್ತರು! 17 ವರ್ಷದ ನಯೀಮ್ ಹಸನ್ ಮೊದಲ ಟೆಸ್ಟ್‌ನಲ್ಲೇ 5 ವಿಕೆಟ್ ತೆಗೆದ. ಢಾಕಾದಲ್ಲಿ ಮೆಹದಿ ಹಸನ್ ಒಂದೇ ಪಂದ್ಯದಲ್ಲಿ 12. ಬಾಂಗ್ಲಾ ತನ್ನ ಚರಿತ್ರೆಯಲ್ಲೇ ಮೊದಲ ಸಲ ಇನಿಂಗ್ಸ್ ಅಂತರದಲ್ಲಿ ಗೆದ್ದಿತು. ಎಲ್ಲಿ ಹೇಳಿ? 2000ದಲ್ಲಿ ಜೋಶಿ ಅವರ ಹಬ್ಬ ಕೆಡಿಸಿದ್ದ ಅದೇ ಊರಿನಲ್ಲಿ. ಎಲ್ಲ ಹೆಸರೂ ಜೋಶಿಯವರಿಗೇ ಸೇರಬೇಕು ಅಂತ ನಾನು ಹೇಳೋದಿಲ್ಲ. ಚೆಂಡು ಹಾಕಿದ್ದು ಆ ಹುಡುಗರು. ಆದರೆ ಬೆನ್ನ ಹಿಂದೆ ನಿಂತವರಲ್ಲಿ ನಮ್ಮವರೊಬ್ಬರಿದ್ದರು.

ಅದಾಗಿ ಒಂದು ವರ್ಷದೊಳಗೆ ಏನಾಯ್ತು? 2019ರ ವಿಶ್ವಕಪ್ ಮುಗಿಯಿತು, ಬಾಂಗ್ಲಾ ಮಂಡಳಿ ಗುತ್ತಿಗೆ ಮುಂದುವರಿಸಲಿಲ್ಲ. ನ್ಯೂಜಿಲೆಂಡಿನ ಡೇನಿಯಲ್ ವೆಟ್ಟೋರಿ ಬಂದರು. ಕೋಚ್ ಬದುಕು ಇಷ್ಟೇ ನೋಡಿ. ಪೆಟ್ಟಿಗೆ ಪೂರ್ತಿ ಬಿಚ್ಚೋ ಹಾಗಿಲ್ಲ. ತಂಡ ಗೆದ್ದರೆ ಆಟಗಾರನ ಫೋಟೊ, ಸೋತರೆ ಕೋಚ್‌ನ ಟಿಕೆಟ್. ಒಮ್ಮೊಮ್ಮೆ ಗೆದ್ದರೂ ಟಿಕೆಟ್!

2020ರ ಮಾರ್ಚ್‌ನಲ್ಲಿ ಜೋಶಿ ಭಾರತ ತಂಡದ ಆಯ್ಕೆ ಸಮಿತಿ ಅಧ್ಯಕ್ಷರಾದರು. 2023ಕ್ಕೆ ಪಂಜಾಬ್ ಕಿಂಗ್ಸ್ ಸ್ಪಿನ್ ಕೋಚ್. 2025ರ ಜೂನ್ 3ರ ಐಪಿಎಲ್ ಫೈನಲ್ ನೆನಪಿದೆಯಲ್ಲ? ಆರ್‌ಸಿಬಿ 6 ರನ್‌ಗಳಿಂದ ಗೆದ್ದಾಗ ಕರ್ನಾಟಕ ಕುಣಿಯಿತು. ಸೋತ ಪಂಜಾಬ್ ಪಾಳೆಯದಲ್ಲಿ ಹಿಂದೆ ಆರ್‌ಸಿಬಿಗೇ ಆಡಿದ್ದ ಗದಗಿನ ಮೇಷ್ಟ್ರಿದ್ದರು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಮ್ಮವರು ಬೇರೆಯವರಿಗೆ ಕಲಿಸಬಹುದಾ? ಫುಟ್‌ಬಾಲ್‌ನವರು ಈ ಪ್ರಶ್ನೆ ಕೇಳೋದನ್ನೇ ಬಿಟ್ಟಿದ್ದಾರೆ. ಇಂಗ್ಲೆಂಡಿನ ಸ್ಟೀಫನ್ ಕಾನ್‌ಸ್ಟಂಟೈನ್, ಕ್ರೊಯೇಷಿಯಾದ ಇಗೊರ್ ಸ್ಟಿಮಾಕ್ ನಮ್ಮ ಭಾರತ ತಂಡಕ್ಕೆ ಕೋಚ್ ಆಗಿದ್ದವರು. ಕ್ರಿಕೆಟ್‌ನಲ್ಲಿ ನಾವೇ ನ್ಯೂಜಿಲೆಂಡಿನ ಜಾನ್ ರೈಟ್ ಅವರನ್ನು ಕರೆತಂದೆವು. ಅದೂ ಜೋಶಿ ಢಾಕಾದಲ್ಲಿ ಮಿಂಚಿದ ಅದೇ 2000ದಲ್ಲಿ.

ಅದೆಲ್ಲ ಬಿಡಿ, ಹುಬ್ಬಳ್ಳಿ-ಧಾರವಾಡದವರಂತೂ ಈ ಪ್ರಶ್ನೆ ಕೇಳಲೇಬಾರದು. ಉತ್ತರದ ಕೈರಾನಾದಲ್ಲಿ ಹುಟ್ಟಿದ ಉಸ್ತಾದ್ ಅಬ್ದುಲ್ ಕರೀಂ ಖಾನ್ ತಮ್ಮ ವಿದ್ಯೆಯನ್ನು ಕುಂದಗೋಳದ ಹುಡುಗನಿಗೆ ಧಾರೆ ಎರೆದರು. ಆ ಹುಡುಗ ಸವಾಯಿ ಗಂಧರ್ವರಾದರು. ಅವರಿಂದ ಕಲಿತವರು ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್, ಗದಗಿನ ಇನ್ನೊಬ್ಬ ಜೋಶಿ ಭೀಮಸೇನರು. ಹೊರಗಿನವರಿಗೆ ಕಲಿಸಲ್ಲ ಅಂತ ಖಾನ್ ಸಾಹೇಬರು ಅಂದಿದ್ದರೆ? ವಿದ್ಯೆ ಊರು ನೋಡಲ್ಲ, ಕಿವಿ ನೋಡುತ್ತೆ.

ಹಾಗಾಗಿ ಜೋಶಿ ಢಾಕಾಕ್ಕೆ ಯಾಕೆ ಹೋದರು ಅಂತ ಕೇಳೋದು ಬೇಡ. ಕೇಳಬೇಕಾದ್ದು ನಮ್ಮನ್ನು. ಇವತ್ತು ಹುಬ್ಬಳ್ಳಿ ರಾಜನಗರದಲ್ಲಿ ಸ್ಟೇಡಿಯಂ ಇದೆ. ಹುಬ್ಬಳ್ಳಿ ಟೈಗರ್ಸ್ ಅಂತ ತಂಡವೇ ಇದೆ, 2023ರ ಮಹಾರಾಜ ಟ್ರೋಫಿ ಗೆದ್ದಿದೆ. ಒಪ್ಪೋಣ. ಆದರೆ ಒಬ್ಬ ಹುಡುಗನಿಗೆ ನಿತ್ಯ ಬೆಳಗ್ಗೆ ಬೇಕಾಗೋದು ಸ್ಟೇಡಿಯಂ ಅಲ್ಲ, ಒಬ್ಬ ಮೇಷ್ಟ್ರು. ರಾಜ್ಯಕ್ಕೆ ಆಡಿ ಬಿಟ್ಟವರು, ಲೀಗ್ ಆಡಿ ಬಿಟ್ಟವರು ನಮ್ಮ ಜಿಲ್ಲೆಗಳಲ್ಲಿದ್ದಾರೆ. ಅವರನ್ನು ಕೋಚಿಂಗ್ ಕೋರ್ಸಿಗೆ ಕಳಿಸಿ, ಮರ್ಯಾದೆಯ ಸಂಬಳ ಕೊಟ್ಟು, ಗದಗ, ಹಾವೇರಿ, ನವಲಗುಂದದಲ್ಲಿ ನಿಲ್ಲಿಸೋರು ಯಾರು?

ಧಾರವಾಡ ಮೇಷ್ಟ್ರುಗಳ ಊರು ಅಂತ ಹೆಮ್ಮೆಯಿಂದ ಹೇಳ್ತೀವಿ. ಆಟದ ಮೇಷ್ಟ್ರಿಗೂ ಆ ಸಾಲಿನಲ್ಲಿ ಒಂದು ಕುರ್ಚಿ ಹಾಕೋಣ. ನಾಳೆ ಗದಗಿನ ಇನ್ನೊಬ್ಬ ಹುಡುಗ ನಿದ್ದೆಗಣ್ಣಲ್ಲಿ 60 ಕಿಲೋಮೀಟರ್ ಬರೋದಾದರೂ ತಪ್ಪಲಿ.

ಏನಂತೀರಿ?