ತೆಳುಪೊರೆಯ ಟ್ರಾನ್ಸಿಸ್ಟರು

ಚೆನ್ನೈ ನಗರದ ಉತ್ತರಕ್ಕಿರುವ ಮಣಲಿಯಲ್ಲಿ 1969ರಿಂದ ಕಚ್ಚಾ ಎಣ್ಣೆಯನ್ನು ಶುದ್ಧಿಮಾಡುವ ದೊಡ್ಡ ಕಾರಖಾನೆಯೊಂದು ನಡೆದುಬರುತ್ತಿದೆ. ಅಲ್ಲಿ ಎಣ್ಣೆಯನ್ನು ಕಾಯಿಸಿ, ಬೇರೆ ಬೇರೆ ಉಷ್ಣತೆಯಲ್ಲಿ ಕುದಿಯುವ ದ್ರವಗಳನ್ನು ಎತ್ತರದ ಗೋಪುರಗಳಲ್ಲಿ ಬೇರ್ಪಡಿಸುತ್ತಾರೆ. ಆ ಊರಿನ ಹೆಸರನ್ನು ಕೇಳಿದೊಡನೆ ತಮಿಳಿನ ‘ಮಣಲ್’, ಅಂದರೆ ಮರಳು, ಎಂಬ ಮಾತು ನೆನಪಿಗೆ ಬರುತ್ತದೆ. ನಮ್ಮ ‘ಮಳಲು’ ಅದರ ಒಡಹುಟ್ಟು. ಮರಳು, ಬಟ್ಟಿಯಿಳಿಸುವಿಕೆ ಇವೆರಡೂ ಇಂದಿನ ವಿದ್ಯುನ್ಮಾನ ಯಂತ್ರಗಳ ಮೂಲದಲ್ಲಿ ಇವೆಯೆಂದರೆ ಓದುಗರಿಗೆ ಆಶ್ಚರ್ಯವಾಗಬಹುದು.

ಮರಳನ್ನು ಇದ್ದಿಲಿನೊಡನೆ ವಿದ್ಯುತ್ ಕುಲುಮೆಯಲ್ಲಿ ಕಾಸಿದರೆ ಒರಟು ಸಿಲಿಕಾನ್ ದೊರೆಯುತ್ತದೆ. ಅದನ್ನು ಕ್ಲೋರಿನ್ನು ಸೇರಿದ ದ್ರವವನ್ನಾಗಿ ಮಾರ್ಪಡಿಸಿ ಮತ್ತೆ ಮತ್ತೆ ಬಟ್ಟಿಯಿಳಿಸುತ್ತಾರೆ. ಆ ದ್ರವವು ಸುಮಾರು 32 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿಯುವುದರಿಂದ ಕಲ್ಮಷಗಳು ಹಿಂದೆ ಉಳಿಯುತ್ತವೆ. ಕೊನೆಗೆ ನೂರು ಕೋಟಿ ಪರಮಾಣುಗಳಲ್ಲಿ ಒಂದೆರಡು ಮಾತ್ರ ಅನ್ಯವಾಗಿರುವಷ್ಟು ಶುದ್ಧವಾದ ಸಿಲಿಕಾನ್ ಸಿದ್ಧವಾಗುತ್ತದೆ. ಇದು ತಾಮ್ರದಂತೆ ವಿದ್ಯುತ್ತನ್ನು ಸರಾಗವಾಗಿ ಹರಿಯಬಿಡುವುದಿಲ್ಲ, ಗಾಜಿನಂತೆ ಪೂರ್ಣವಾಗಿ ತಡೆಯುವುದೂ ಇಲ್ಲ. ಆದುದರಿಂದ ಇದಕ್ಕೆ ಅರೆವಾಹಕವೆಂದು ಹೆಸರು.

1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೊದಲ ಟ್ರಾನ್ಸಿಸ್ಟರು ಜರ್ಮೇನಿಯಮ್ ಎಂಬ ಅರೆವಾಹಕದಿಂದ ರಚಿತವಾಯಿತು. 1962ರಲ್ಲಿ ಪಾಲ್ ವೈಮರ್ ಎಂಬ ವಿಜ್ಞಾನಿಯು ಕ್ಯಾಡ್ಮಿಯಮ್ ಸಲ್ಫೈಡಿನ ಪೊರೆಯನ್ನು ಗಾಜಿನ ಮೇಲೆ ಹರಡಿ ತೆಳುಪೊರೆಯ ಟ್ರಾನ್ಸಿಸ್ಟರನ್ನು ನಿರ್ಮಿಸಿದನು. ಈ ಪೊರೆಯು ಕೂದಲಿನ ದಪ್ಪದ ನೂರರಲ್ಲೊಂದು ಪಾಲಿಗಿಂತಲೂ ತೆಳುವಾದುದು.

ಇದರ ಕಾರ್ಯವನ್ನು ಕೆರೆಯ ತೂಬಿಗೆ ಹೋಲಿಸಬಹುದು. ಪೊರೆಯ ಎರಡು ತುದಿಗಳಲ್ಲಿ ಲೋಹದ ಪಟ್ಟಿಗಳಿರುತ್ತವೆ; ಮೂರನೆಯ ಪಟ್ಟಿಯಾದ ‘ಗೇಟು’ ನಡುವಿನ ನಿರೋಧಕ ಪದರದಿಂದ ಬೇರ್ಪಟ್ಟಿರುತ್ತದೆ. ಗೇಟಿಗೆ ವೋಲ್ಟೇಜನ್ನು ಕೊಟ್ಟರೆ ಪೊರೆಯಲ್ಲಿ ಇಲೆಕ್ಟ್ರಾನುಗಳು ನೆರೆದು ವಿದ್ಯುತ್ತು ಹರಿಯುವುದು, ತೆಗೆದರೆ ನಿಲ್ಲುವುದು. ದೂರದರ್ಶನದ ಒಂದು ಪರದೆಯಲ್ಲಿ ಅಡ್ಡಲಾಗಿ 1,920, ಉದ್ದಕ್ಕೆ 1,080 ಬಿಂದುಗಳಿವೆಯೆಂದು ತಿಳಿಯೋಣ. ಪ್ರತಿ ಬಿಂದುವಿಗೂ ಕೆಂಪು, ಹಸಿರು, ನೀಲಿಗಳೆಂದು ಮೂರು ಭಾಗಗಳು. ಪ್ರತಿ ಭಾಗಕ್ಕೂ ಕಡೆಯ ಪಕ್ಷ ಒಂದು ಟ್ರಾನ್ಸಿಸ್ಟರು. ಒಟ್ಟು 62,20,800 ತೂಬುಗಳಾದುವು!

ಇಷ್ಟು ದೊಡ್ಡ ಗಾಜಿನ ಮೇಲೆ ಸಿಲಿಕಾನಿನ ಒಂದೇ ಹರಳನ್ನು ಬೆಳೆಸಲಾಗದು. ಆದುದರಿಂದ ಗಾಜು ಮೆತ್ತಗಾಗದಷ್ಟು ಕಡಮೆ ಉಷ್ಣತೆಯಲ್ಲಿ ಅನಿಲದಿಂದ ಸಿಲಿಕಾನನ್ನು ಇಳಿಸುತ್ತಾರೆ. ಹರಳಿನಲ್ಲಿ ಪರಮಾಣುಗಳು ಕವಾಯತಿಗೆ ನಿಂತ ಬಾಲಕರಂತೆ ಸಾಲಾಗಿರುತ್ತವೆ. ಈ ಪೊರೆಯಲ್ಲಿ ಬಿಡುವಿನ ವೇಳೆಯ ಆಟದ ಬಯಲಿನಲ್ಲಿರುವಂತೆ ಚೆದರಿರುತ್ತವೆ. ಇಲೆಕ್ಟ್ರಾನು ಅಲ್ಲಲ್ಲಿ ಸಿಕ್ಕಿಕೊಂಡು ಹರಳಿನಲ್ಲಿ ಸಾಗುವುದಕ್ಕಿಂತ ಸುಮಾರು ಸಾವಿರ ಪಟ್ಟು ನಿಧಾನವಾಗಿ ಸಾಗುತ್ತದೆ. ಇದನ್ನು ನಿವಾರಿಸಲು ಜಪಾನಿನ ಹಿದಿಯೊ ಹೊಸೊನೊ ಅವರು 2004ರಲ್ಲಿ ಇಂಡಿಯಮ್, ಗ್ಯಾಲಿಯಮ್, ಸತುವುಗಳ ಆಕ್ಸೈಡನ್ನು ಬಳಸಿ, ಪ್ಲಾಸ್ಟಿಕ್ ಹಾಳೆಯ ಮೇಲೆಯೇ ಬಾಗಬಲ್ಲ ಟ್ರಾನ್ಸಿಸ್ಟರುಗಳನ್ನು ರಚಿಸಿ ತೋರಿಸಿದರು.

ಆದರೆ ಬಾಗುವ ವಸ್ತುವಿಗೆ ಬಿರುಕಿನ ಭಯವುಂಟು. ರೋಗಿಯ ಮೈಮೇಲೆ ಅಂಟಿಸಿದ ಹಾಳೆಯೊಂದು ಅವನ ನಾಡಿಯನ್ನು ಅಳೆಯುತ್ತಿರುವಾಗ ಅದರ ಒಂದು ತಂತಿ ಬಿರಿದರೂ ಅಳತೆಯು ನಿಂತುಹೋಗುವುದು. ಇಲ್ಲಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಜೀವ್ ಸಂಬಂದನ್ ಅವರ ಸಂಶೋಧನೆಯು ಗಮನಾರ್ಹವಾದುದು. ತೆಳುಪೊರೆಯ ಟ್ರಾನ್ಸಿಸ್ಟರುಗಳಲ್ಲಿ ಪರಿಣತರಾದ ಅವರು, ತಮ್ಮ ಸಂಗಡಿಗರೊಡನೆ, ತಾನೇ ಕೂಡಿಕೊಳ್ಳುವ ತಂತಿಯ ವಿಧಾನವನ್ನು ರೂಪಿಸಿದ್ದಾರೆ. ತಂತಿಯ ಮೇಲೆ ವಿದ್ಯುನ್ನಿರೋಧಕ ಎಣ್ಣೆಯನ್ನಿರಿಸಿ, ಅದರಲ್ಲಿ ತಾಮ್ರದ ಅತಿ ಸೂಕ್ಷ್ಮ ಕಣಗಳನ್ನು ಬೆರೆಸುತ್ತಾರೆ. ತಂತಿಯು ತುಂಡಾಗದಿರುವಾಗ ಕಣಗಳು ಸುಮ್ಮನಿರುತ್ತವೆ. ತುಂಡಾದೊಡನೆ ಬಿರುಕಿನ ಎರಡು ದಡಗಳ ನಡುವೆ ವೋಲ್ಟೇಜು ಉಂಟಾಗಿ ಪ್ರಬಲವಾದ ವಿದ್ಯುತ್ ಕ್ಷೇತ್ರವು ಏರ್ಪಡುತ್ತದೆ. ಆ ಕ್ಷೇತ್ರದಲ್ಲಿ ಕಣಗಳು ಒಂದನ್ನೊಂದು ಸೆಳೆದು, ಸರಪಣಿಯಾಗಿ, ಬಿರುಕಿಗೆ ಸೇತುವೆಯನ್ನು ಕಟ್ಟುತ್ತವೆ. ವಿದ್ಯುತ್ತು ಮತ್ತೆ ಹರಿಯುತ್ತದೆ. ಹೊರಗಿನಿಂದ ಯಾರೂ ಬೆಸುಗೆ ಹಾಕಬೇಕಾಗಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ದುರಸ್ತಿಗೆ ಬೇಕಾದ ಬಲವನ್ನು ಬೇರೆಲ್ಲಿಂದಲೂ ತರಲಿಲ್ಲ; ತುಂಡಾದುದರಿಂದಲೇ ಅದು ಹುಟ್ಟಿತು. ಒಂದು ಬಿರುಕಿಗಾಗಿ ಇಡೀ ಉಪಕರಣವನ್ನು ಎಸೆಯುವುದು ತಪ್ಪಿದರೆ ಹಣವೂ ಉಳಿಯುವುದು, ಕಸವೂ ಕಡಮೆಯಾಗುವುದು, ದೂರದ ಹಳ್ಳಿಯ ರೋಗಿಗೆ ನಂಬಿಕೆಯ ಸಾಧನವೂ ದೊರೆಯುವುದು. ಭೌತಶಾಸ್ತ್ರದ ತರಗತಿಯಲ್ಲಿ ವಿದ್ಯುತ್ ಕ್ಷೇತ್ರದ ಪಾಠವನ್ನು ಓದುವ ವಿದ್ಯಾರ್ಥಿಗಳು ಈ ಸೇತುವೆಯನ್ನು ನೆನೆದರೆ, ಆ ಪಾಠವು ಪರೀಕ್ಷೆಗೆ ಮಾತ್ರವಲ್ಲವೆಂಬುದು ಮನದಟ್ಟಾಗದಿರದು.