ಕಚೇರಿಯ ಗಾಳಿ, ಕರೆಂಟಿನ ಬಿಲ್ಲು

ಹೊಸ ಕಚೇರಿ ಮಾಡಹೊರಟವರ ಲೆಕ್ಕಾಚಾರ ಸಾಮಾನ್ಯವಾಗಿ ಮೇಜು, ಕುರ್ಚಿ, ಗೋಡೆಯ ಬಣ್ಣ, ಫಾಲ್ಸ್ ಸೀಲಿಂಗುಗಳಿಂದ ಶುರುವಾಗುತ್ತದೆ. ಎಷ್ಟು ಟನ್ನಿನ ಎ.ಸಿ. ಬೇಕು ಎಂದು ಗೊತ್ತಾದರೆ ಗಾಳಿಯ ವಿಚಾರ ಮುಗಿಯಿತು. ಇದರ ಹಿಂದೆ ಒಂದು ನಂಬಿಕೆಯಿದೆ: ಕೂತು ಕೆಲಸ ಮಾಡುವವರ ಆರೋಗ್ಯಕ್ಕೂ ವಿದ್ಯುತ್ ಉಳಿತಾಯಕ್ಕೂ ಆಗಿಬರುವುದಿಲ್ಲ, ಹೊರಗಿನ ಗಾಳಿಯನ್ನು ಧಾರಾಳವಾಗಿ ಒಳಬಿಟ್ಟರೆ ಅದನ್ನು ತಂಪು ಮಾಡುವ ಖರ್ಚು ಏರುತ್ತದೆ, ಖರ್ಚು ಇಳಿಸಬೇಕೆಂದರೆ ಕಿಟಕಿ ಮುಚ್ಚಲೇಬೇಕು. ಈ ವಿರೋಧ ನಿಜವಾದದ್ದಲ್ಲ. ಉಸಿರಾಟಕ್ಕೆ ಒದಗುವುದು, ತಂಪು ಹೊತ್ತು ತರುವುದು ಎಂಬ ಎರಡು ಕೆಲಸಗಳನ್ನು ಒಂದೇ ಗಾಳಿಯ ಮೇಲೆ ಹೇರಿದ್ದರಿಂದ ಅದು ಹುಟ್ಟಿದೆ. ಬಿಸಿಲನ್ನು ಗೋಡೆಯ ಹೊರಗೇ ತಡೆದು ಈ ಎರಡು ಕೆಲಸಗಳನ್ನು ಬೇರೆ ಮಾಡಿದರೆ ಆರೋಗ್ಯವೂ ಉಳಿತಾಯವೂ ಒಟ್ಟಿಗೇ ಕೈಗೆಟುಕುತ್ತವೆ.

ಎರಡನ್ನೂ ಬೆರೆಸಿದರೆ ಏನಾಗುತ್ತದೆಂದು ಇತಿಹಾಸವೇ ತೋರಿಸಿದೆ. 1973ರ ತೈಲ ಬಿಕ್ಕಟ್ಟಿನ ಬಳಿಕ ಅಮೆರಿಕದಲ್ಲಿ ಇಂಧನ ಉಳಿಸಲು ಕಟ್ಟಡಗಳನ್ನು ಬಿಗಿಯಾಗಿ ಮುಚ್ಚತೊಡಗಿದರು. ಅಲ್ಲಿನ ಹವಾನಿಯಂತ್ರಣ ಎಂಜಿನಿಯರುಗಳ ಸಂಘ ಆಶ್ರೇ, 1981ರ ತನ್ನ ಮಾನದಂಡದಲ್ಲಿ, ಧೂಮಪಾನವಿಲ್ಲದ ಕಚೇರಿಯಲ್ಲಿ ಒಬ್ಬರಿಗೆ ನಿಮಿಷಕ್ಕೆ 5 ಘನ ಅಡಿ ಹೊರಗಾಳಿ ಸಾಕೆಂದಿತು. ಅದೇ ದಶಕದಲ್ಲಿ ಮುಚ್ಚಿದ ಕಟ್ಟಡಗಳಿಂದ ತಲೆನೋವು, ಕಣ್ಣುರಿ, ಮಂಪರು, ಗಂಟಲ ಕೆರೆತದ ದೂರುಗಳು ಹೆಚ್ಚಿದವು. ಕಟ್ಟಡದಿಂದ ಹೊರಬಂದರೆ ಬಾಧೆ ಕಡಿಮೆಯಾಗುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಗುರುತಿಸಿತು. ‘ಸಿಕ್ ಬಿಲ್ಡಿಂಗ್ ಸಿಂಡ್ರೋಮ್’ ಎಂಬ ಹೆಸರು ನೆಲೆಯಾಯಿತು. 1989ರಲ್ಲಿ ಆಶ್ರೇ ಕಚೇರಿಗಳ ಪ್ರಮಾಣವನ್ನು 20 ಘನ ಅಡಿಗೆ, ಎಂದರೆ ನಾಲ್ಕು ಪಟ್ಟಿಗೆ, ಏರಿಸಬೇಕಾಯಿತು.

ಆ ತಪ್ಪು ನಮ್ಮ ಊರುಗಳ ಸಣ್ಣ ಕಚೇರಿಗಳಲ್ಲಿ ಇಂದಿಗೂ ನಡೆಯುತ್ತಿದೆ. ಗೋಡೆಗೆ ತೂಗುಹಾಕುವ ಸಾಮಾನ್ಯ ಸ್ಪ್ಲಿಟ್ ಎ.ಸಿ. ಹೊರಗಿನಿಂದ ಗಾಳಿಯನ್ನು ತರುವುದೇ ಇಲ್ಲ. ಕೋಣೆಯ ಗಾಳಿಯನ್ನೇ ಎಳೆದು, ತಂಪು ಮಾಡಿ, ಮತ್ತೆ ಬಿಡುತ್ತದೆ. ಕೂತಿರುವ ಒಬ್ಬ ವಯಸ್ಕರು ಗಂಟೆಗೆ ಸುಮಾರು 18ರಿಂದ 20 ಲೀಟರ್ ಇಂಗಾಲದ ಡೈಆಕ್ಸೈಡನ್ನು ಉಸಿರಿನಲ್ಲಿ ಹೊರಬಿಡುತ್ತಾರೆ. ಹನ್ನೆರಡು ಅಡಿಗೆ ಹದಿನಾರು ಅಡಿ ಅಳತೆಯ, ಹತ್ತಡಿ ಎತ್ತರದ ಸಭಾಕೋಣೆಯ ಬಾಗಿಲು ಕಿಟಕಿ ಮುಚ್ಚಿ ಎಂಟು ಜನ ಕೂತರೆ, ಹೊರಗೆ ಸುಮಾರು 420 ಪಿಪಿಎಂ ಇರುವ ಈ ಅನಿಲ ಒಂದು ಗಂಟೆಯಲ್ಲಿ 2,000 ದಾಟುತ್ತದೆ. ಸಂದುಗಳಿಂದ ಒಂದಿಷ್ಟು ಗಾಳಿ ನುಸುಳಿದರೂ ಲೆಕ್ಕ ಹೆಚ್ಚು ಬದಲಾಗದು. ಕೋಣೆ ತಣ್ಣಗಿರುವುದರಿಂದ ಗಾಳಿ ಚೆನ್ನಾಗಿದೆ ಎಂದೇ ಎಲ್ಲರೂ ತಿಳಿದಿರುತ್ತಾರೆ.

ಹಳಸಿದ ಗಾಳಿ ಬುದ್ಧಿಯನ್ನೂ ಮಂಕಾಗಿಸುತ್ತದೆಯೇ? ಹಾರ್ವರ್ಡಿನ ಜೋಸೆಫ್ ಅಲನ್ ಮತ್ತು ಸಂಗಡಿಗರು 24 ಜನರನ್ನು ಆರು ದಿನ ನಿಯಂತ್ರಿತ ಕಚೇರಿಯಲ್ಲಿ ಕೆಲಸಕ್ಕೆ ಕೂರಿಸಿ, ಅವರಿಗೆ ತಿಳಿಯದಂತೆ ಗಾಳಿಯ ಗುಣವನ್ನು ಬದಲಿಸಿದರು. ಹೊರಗಾಳಿ ಹೆಚ್ಚಾಗಿ, ರಾಸಾಯನಿಕ ಆವಿಗಳು ಕಡಿಮೆಯಾದ ದಿನಗಳಲ್ಲಿ ನಿರ್ಧಾರ ತೆಗೆದುಕೊಳ್ಳುವ ಪರೀಕ್ಷೆಯ ಅಂಕಗಳು ಸಾಮಾನ್ಯ ಕಚೇರಿಯ ದಿನಗಳಿಗಿಂತ ದುಪ್ಪಟ್ಟಾದವು. ಇಪ್ಪತ್ತನಾಲ್ಕೇ ಜನರ ಪ್ರಯೋಗವನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ಜಲಾಂತರ್ಗಾಮಿ ನೌಕೆಯ ಸಿಬ್ಬಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟೋ ಪಟ್ಟು ಹೆಚ್ಚಿದ್ದರೂ ಅಂಥ ಕುಸಿತ ಕಾಣಲಿಲ್ಲ. ಆದ್ದರಿಂದ ಈ ಅನಿಲವನ್ನೇ ವಿಷವೆಂದು ತಿಳಿಯುವುದು ಆತುರವಾದೀತು. ಒಬ್ಬರು ಬಿಟ್ಟ ಉಸಿರನ್ನು ಮತ್ತೊಬ್ಬರು ಎಷ್ಟು ಸೇವಿಸುತ್ತಿದ್ದಾರೆ ಎಂಬುದನ್ನು ಅದು ತಿಳಿಸುತ್ತದೆ ಎಂಬಷ್ಟು ಮಾತ್ರ ನಿಸ್ಸಂದೇಹ. ಗಾಳಿಯಲ್ಲಿ ಹರಡುವ ಸೋಂಕಿಗೂ ಅದೇ ದಾರಿ ಎಂಬುದನ್ನು ಕೋವಿಡ್ ಕಲಿಸಿದೆ; ಹೊಸ ಗಾಳಿ ಬೇಕೆನ್ನಲು ಅಷ್ಟೇ ಸಾಕು.

ಹೊಸ ಗಾಳಿ ಕೊಟ್ಟೂ ವಿದ್ಯುತ್ ಉಳಿಸಬಹುದೆಂಬುದಕ್ಕೆ ಪುರಾವೆ ಹೈದರಾಬಾದಿನಲ್ಲಿದೆ. ಅಲ್ಲಿನ ಪೋಚಾರಂ ಕ್ಯಾಂಪಸ್ಸಿನಲ್ಲಿ ಇನ್ಫೋಸಿಸ್ 2011ರ ಹೊತ್ತಿಗೆ ಒಂದು ಕಟ್ಟಡವನ್ನು ಸರಿಸಮ ಎರಡು ಭಾಗ ಮಾಡಿ ಹೋಲಿಕೆಗೆ ಒಡ್ಡಿತು. ಒಂದು ಭಾಗದಲ್ಲಿ ದಕ್ಷವಾದ ಮಾಮೂಲಿ ಹವಾನಿಯಂತ್ರಣ. ಇನ್ನೊಂದರಲ್ಲಿ ಕಾಂಕ್ರೀಟ್ ಛಾವಣಿಯೊಳಗೆ ಹುದುಗಿಸಿದ ಕೊಳವೆಗಳಲ್ಲಿ ತಣ್ಣೀರು ಹರಿಸುವ ವ್ಯವಸ್ಥೆ. ತಣ್ಣೀರಿನ ಭಾಗದಲ್ಲಿ ಸೆಕೆಯನ್ನು ಹೀರುವುದು ಬಹುಮಟ್ಟಿಗೆ ಛಾವಣಿಯ ಕೆಲಸ. ಗಾಳಿ ಬರುವುದು ಮುಖ್ಯವಾಗಿ ಉಸಿರಾಟಕ್ಕಾಗಿ, ಅದೂ ಹೊರಗಿನಿಂದ. ಎರಡು ವರ್ಷದ ಅಳತೆಯಲ್ಲಿ ಈ ಭಾಗ ಸುಮಾರು ಶೇ. 34ರಷ್ಟು ಕಡಿಮೆ ವಿದ್ಯುತ್ ಬಳಸಿತು. ಕಟ್ಟುವ ಖರ್ಚೂ ಹೆಚ್ಚು ಬೀಳಲಿಲ್ಲ. ಕಾರಣ ಸರಳ: ಅಷ್ಟೇ ಗಾತ್ರದ ಗಾಳಿಗಿಂತ ನೀರು ಸುಮಾರು 3,500 ಪಟ್ಟು ಹೆಚ್ಚು ಶಾಖವನ್ನು ಹೊರಬಲ್ಲದು. ದೊಡ್ಡ ಫ್ಯಾನುಗಳಿಂದ ರಾಶಿ ಗಾಳಿಯನ್ನು ತಳ್ಳುವುದಕ್ಕಿಂತ ಸಣ್ಣ ಪಂಪಿನಿಂದ ನೀರು ಹರಿಸುವುದು ಅಗ್ಗ. ಮಂಗಳೂರಿನಂಥ ಕರಾವಳಿಯ ಊರಲ್ಲಿ ತಣ್ಣನೆಯ ಛಾವಣಿಗೆ ತೇವ ಕೂರುವ ತೊಡಕಿದೆ; ಅಲ್ಲಿ ಒಳಬರುವ ಗಾಳಿಯ ತೇವವನ್ನು ಮೊದಲೇ ತೆಗೆಯಬೇಕಾಗುತ್ತದೆ.

ಯಂತ್ರಕ್ಕಿಂತ ಮೊದಲಿನದು ಗೋಡೆ. 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ಸೂರ್ಯ ನಡುಹಗಲು ನೆತ್ತಿಯ ಹತ್ತಿರವೇ ಇರುವುದರಿಂದ ಉತ್ತರ, ದಕ್ಷಿಣದ ಕಿಟಕಿಗಳಿಗೆ ಒಂದು ಸಜ್ಜೆ ಬಹುಮಟ್ಟಿಗೆ ಸಾಕು. ಪೂರ್ವ, ಪಶ್ಚಿಮದ ಗಾಜಿನ ಮೇಲೆ ಮಾತ್ರ ಬಿಸಿಲು ನೇರ ಬೀಳುತ್ತದೆ. ದೊಮ್ಮಲೂರಿನಲ್ಲಿ ವಾಸ್ತುಶಿಲ್ಪಿ ಸಂಜಯ್ ಮೊಹೆ ವಿನ್ಯಾಸ ಮಾಡಿದ ‘ಟೆರಿ’ ಸಂಸ್ಥೆಯ ಕಟ್ಟಡ ಇದನ್ನರಿತು ಕಟ್ಟಿದ್ದು. ನಿವೇಶನದ ಮಗ್ಗುಲಲ್ಲಿ ನಾರುವ ಚರಂಡಿಯಿತ್ತು. ಆ ಕಡೆಯ ದಕ್ಷಿಣ ಗೋಡೆಯನ್ನು ಬಹುಪಾಲು ಮುಚ್ಚಿ, ಕಟ್ಟಡವನ್ನು ಉತ್ತರಕ್ಕೆ ತೆರೆದರು. ದಕ್ಷಿಣದ ಗೋಡೆಗೆ ಕಪ್ಪು ಕಡಪ ಕಲ್ಲಿನ ಹೊರಮೈ, ನಡುವೆ ಟೊಳ್ಳು. ಕಲ್ಲು ಕಾದಂತೆ ಟೊಳ್ಳಿನ ಗಾಳಿ ಮೇಲೇರುತ್ತದೆ. ಆ ಸೆಳೆತಕ್ಕೆ ಉತ್ತರದಿಂದ ಹೊಸ ಗಾಳಿ ಕೋಣೆಗಳನ್ನು ಹಾದುಬರುತ್ತದೆ. ಉತ್ತರದ ಹದವಾದ ಬೆಳಕಿನಿಂದ ಹಗಲು ದೀಪದ ಅಗತ್ಯವೂ ಕಡಿಮೆ.

ಬಾಡಿಗೆ ಮಹಡಿಯಲ್ಲಿ ಕೂತವರು ಗೋಡೆಯನ್ನೂ ಛಾವಣಿಯನ್ನೂ ಬದಲಿಸುವುದು ಹೇಗೆ, ಮುಖ್ಯರಸ್ತೆಯ ಧೂಳಿಗೆ ಕಿಟಕಿ ತೆರೆಯುವುದು ಹೇಗೆ ಎಂಬ ಆಕ್ಷೇಪಕ್ಕೆ ತೂಕವಿದೆ. ಅಂಥಲ್ಲಿಯೂ ಎರಡು ಕೆಲಸಗಳನ್ನು ಬೇರೆ ಮಾಡುವ ಸೂತ್ರ ನಡೆಯುತ್ತದೆ. ಸೂಕ್ಷ್ಮ ಫಿಲ್ಟರಿರುವ ಹೊರಗಾಳಿಯ ಫ್ಯಾನು ಒಂದನ್ನು ಕೂರಿಸಿ, ತಂಪಿನ ಹೊರೆಯನ್ನು ಸೀಲಿಂಗ್ ಫ್ಯಾನುಗಳೊಂದಿಗೆ ಹಂಚಿಕೊಂಡರೆ ಆಯಿತು. ಎ.ಸಿ.ಯ ಉಷ್ಣಾಂಶವನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆಂಬುದು ಕೇಂದ್ರದ ಇಂಧನ ದಕ್ಷತೆ ಸಂಸ್ಥೆಯ ಅಂದಾಜು. 35 ವ್ಯಾಟಿಗಿಂತ ಕಡಿಮೆ ಎಳೆಯುವ ಬಿಎಲ್‌ಡಿಸಿ ಫ್ಯಾನು ತಲೆಯ ಮೇಲೆ ತಿರುಗುತ್ತಿದ್ದರೆ 26 ಡಿಗ್ರಿ ಹಿತವಾಗಿಯೇ ಇರುತ್ತದೆ. ಹೊಸ ಗಾಳಿಯ ಖರ್ಚು ಹೀಗೆ ಸರಿದೂಗುತ್ತದೆ.

ಪೀಠೋಪಕರಣ, ಗಿಡಗಳ ವಿಚಾರ ಇದಾದ ಮೇಲಿನದು. ಪಾರ್ಟಿಕಲ್ ಬೋರ್ಡಿನ ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಹಳೆಯ ಮರದ ಮೇಜನ್ನು ದುರಸ್ತಿ ಮಾಡಿ ಬಳಸಿದರೆ ಆ ಆವಿಯೂ ತಪ್ಪೀತು, ಹೊಸ ಸಾಮಗ್ರಿಯ ತಯಾರಿಕೆಗೆ ಬೇಕಾದ ಇಂಧನವೂ ಉಳಿದೀತು. ಗಿಡಗಳು ಗಾಳಿ ಶುದ್ಧ ಮಾಡುತ್ತವೆಂಬ ಪ್ರಚಾರಕ್ಕೆ 1989ರ ನಾಸಾ ಪ್ರಯೋಗವನ್ನು ಆಧಾರವಾಗಿ ಹೇಳುತ್ತಾರೆ. ಅದು ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಅಂಥ ಪ್ರಯೋಗಗಳನ್ನೆಲ್ಲ ಪರಿಶೀಲಿಸಿದ 2019ರ ಅಧ್ಯಯನದ ಪ್ರಕಾರ, ಸಾಮಾನ್ಯ ಕಟ್ಟಡದ ಗಾಳಿಯಾಟಕ್ಕೆ ಸಮನಾಗಬೇಕಾದರೆ ಚದರ ಮೀಟರಿಗೆ ಕನಿಷ್ಠ ಹತ್ತು ಗಿಡ ಬೇಕು. ಕಣ್ಣಿಗೆ ತಂಪೆಂದು ಗಿಡ ಇಡೋಣ, ಕಿಟಕಿಯ ಕೆಲಸವನ್ನು ಅದಕ್ಕೆ ಒಪ್ಪಿಸುವುದು ಬೇಡ.

ಒಟ್ಟಿನಲ್ಲಿ ಬದಲಾಗಬೇಕಾದದ್ದು ನಿರ್ಧಾರಗಳ ಸರದಿ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಗಾಜು ಯಾವ ದಿಕ್ಕಿಗಿದೆ, ಕಿಟಕಿ ತೆರೆಯುತ್ತದೆಯೇ, ಹೊರಗಾಳಿ ಎಲ್ಲಿಂದ ಬರುತ್ತದೆ ಎಂದು ಕೇಳಬೇಕು, ಎ.ಸಿ.ಯ ಟನ್ನು ಆಮೇಲೆ, ಮೇಜು ಕುರ್ಚಿ ಅದಾದ ಮೇಲೆ. ಕಚೇರಿಯ ಖರ್ಚಿನಲ್ಲಿ ಸಂಬಳದ ಮುಂದೆ ವಿದ್ಯುತ್ತಿನ ಪಾಲು ಸಣ್ಣದು. ಆ ಸಂಬಳ ಪಡೆಯುವವರು ದಿನದ ಎಂಟು ಗಂಟೆ ಉಸಿರಾಡುವ ಗಾಳಿಯನ್ನು ಸರಿಪಡಿಸುವುದು ಮಾಲೀಕರ ಔದಾರ್ಯವೆನಿಸಬಾರದು. ಕುಡಿಯುವ ನೀರಿನಂತೆ ಅದೂ ಕೆಲಸದ ಜಾಗದ ಮೊದಲ ಷರತ್ತಾಗಬೇಕು.