ದಾಸವಾಳದ ಮೊಗ್ಗು ಉದುರ್ತಾವಂತ ಎಣ್ಣೆ ಹೊಡಿಬ್ಯಾಡ್ರಿ. ಮೊದಲು ಎಲೆ ತಿರುವಿ ನೋಡ್ರಿ

ತಿಳವಳ್ಳಿ: ಶ್ರಾವಣ ಹತ್ತಿರ ಬಂತು ಅಂದರೆ ನಮ್ಮೂರ ಓಣಿಗಳಲ್ಲಿ ಒಂದು ದೂರು ಕೇಳಿಬರುತ್ತದೆ. 'ಗಿಡ ಹಸಿರಾಗೈತಿ, ಮೊಗ್ಗೂ ಬಿಡತೈತಿ, ಆದರ ಅರಳೋದರೊಳಗ ಉದುರಿ ಬೀಳತಾವು.' ಹಿತ್ತಲದ ದಾಸವಾಳದ ಮಾತಿದು. ಕೆಲವರ ಮನೆಯಲ್ಲಿ ಮೊಗ್ಗಿನ ಬುಡಕ್ಕೆ ಬಿಳಿ ಹಿಟ್ಟು ಮೆತ್ತಿಕೊಂಡಿರುತ್ತದೆ. ಆಮೇಲೆ ಆಗೋದು ಎಲ್ಲರಿಗೂ ಗೊತ್ತು. ಹೊಲಕ್ಕೆ ತಂದು ಉಳಿದಿದ್ದ ಎಣ್ಣೆ ಬಾಟಲಿ ಇರುತ್ತದೆ, ಬೆನ್ನಿಗೆ ಹಾಕುವ ಪಂಪೂ ಇರುತ್ತದೆ. ಹೊಡೆದು ಬಿಡೋದು.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಕಳೆದ ವರ್ಷ ನಮ್ಮ ಮನೆಯ ಕೆಂಪು ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತಿತ್ತು. ಗೋವಿನಜೋಳಕ್ಕೆ ತಂದಿದ್ದ ಎಣ್ಣೆಯನ್ನು ಅಳತೆಯಿಲ್ಲದೆ ನೀರಿಗೆ ಹಾಕಿ ಸಂಜೆ ಹೊಡೆದೆ. ಯಾರಿಗೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅವ್ವ ಅದೇ ಗಿಡದ ಎಲೆ ಹರಿದು, ಕಿವುಚಿ, ಅಕ್ಕನ ಮಗಳ ತಲೆಗೆ ಹಚ್ಚಿದಳು. ಕೂಸಿನ ಕಣ್ಣು ಕೆಂಪಗಾಗಿ ಉರಿ ಶುರುವಾಯಿತು. ತೊಳೆದು ದವಾಖಾನೆಗೆ ಓಡಿದೆವು. ದೇವರ ದಯೆ, ಸಂಜೆಗೆ ಸರಿಹೋಯಿತು. ಇತ್ತ ಗಿಡದ ಎಲೆ ಅಂಚು ಸುಟ್ಟು ಉದುರಿದವು. ಮೂರೇ ವಾರಕ್ಕೆ ಹಿಟ್ಟು ತಿಗಣೆ ಮೊದಲಿಗಿಂತ ಹೆಚ್ಚಾಗಿ ವಾಪಸ್ ಬಂತು.

ಹೊಲದ ಬೆಳೆಗೂ ಹಿತ್ತಲದ ದಾಸವಾಳಕ್ಕೂ ದೊಡ್ಡ ವ್ಯತ್ಯಾಸ ಇದೆ. ಇದರ ಹೂವು ಬೆಳಿಗ್ಗೆ ದೇವರ ಜಗಲಿಗೆ ಹೋಗುತ್ತದೆ, ಎಲೆ ತಲೆಗೆ ಹೋಗುತ್ತದೆ. ಹೂವನ್ನು ಎಣ್ಣೆಗೆ ಹಾಕಿ ಕುದಿಸುವವರು, ಕಷಾಯ ಮಾಡುವವರು ಇದ್ದಾರೆ. ಮಕ್ಕಳು ಹೂವಿನ ಬುಡ ಚೀಪುತ್ತಾರೆ, ಕೆಳಗಿನ ಕೊಂಬೆಗೆ ಆಡು ಬಾಯಿ ಹಾಕುತ್ತದೆ. ಹೊಡೆದ ವಿಷ ಯಾವ ದಾರಿಯಿಂದ ಮನೆಯೊಳಗೆ ಬರುತ್ತದೆ ಅಂತ ಹೇಳೋಕೆ ಆಗಲ್ಲ. ಅದಕ್ಕೇ ಈ ಬರಹ.

ಮೊಗ್ಗು ಉದುರೋದಕ್ಕೆ ಕಾರಣ ಒಂದಲ್ಲ

ಮೊಗ್ಗು ಉದುರಿದ ಕೂಡಲೇ ಹುಳ ಅಂತ ತಿಳಿಯಬೇಡಿ. ಮೊದಲು ಉದುರಿದ ಮೊಗ್ಗು ಎತ್ತಿಕೊಂಡು ಉಗುರಿನಿಂದ ಸೀಳಿ ನೋಡಿ.

ಒಳಗೆ ಅಕ್ಕಿ ನುಚ್ಚಿಗಿಂತ ಸಣ್ಣ ಬಿಳಿ ಅಥವಾ ಹಳದಿ ಮರಿಹುಳ ಹರಿದಾಡುತ್ತಿದ್ದರೆ ಅದು ಮೊಗ್ಗು ನೊಣದ ಕಾಟ. ಈ ನೊಣ ಮೊಗ್ಗಿನ ತುದಿಯಲ್ಲಿ ಮೊಟ್ಟೆ ಇಡುತ್ತದೆ. ಮರಿ ಒಳಗೇ ತಿಂದು ಬೆಳೆದು, ಮೊಗ್ಗಿನ ಜೊತೆ ನೆಲಕ್ಕೆ ಬಿದ್ದು ಮಣ್ಣಿಗೆ ಇಳಿಯುತ್ತದೆ. ಅಲ್ಲಿಂದ ಮತ್ತೆ ನೊಣವಾಗಿ ಏಳುತ್ತದೆ. ಹೊರಗಿನಿಂದ ಎಷ್ಟು ಹೊಡೆದರೂ ಒಳಗಿನ ಹುಳಕ್ಕೆ ತಾಗುವುದು ಕಷ್ಟ. ಇದಕ್ಕೆ ಕೈಕೆಲಸವೇ ಮದ್ದು. ಹಳದಿ ತಿರುಗಿದ ಮೊಗ್ಗು ಗಿಡದಲ್ಲೇ ಕಂಡರೂ ಕಿತ್ತು, ಬಿದ್ದವನ್ನೂ ದಿನಾ ಆರಿಸಿ, ಸೋಪಿನ ನೀರಲ್ಲಿ ಮುಳುಗಿಸಿ ಇಡಿ. ತಿಪ್ಪೆಗೆ ಹಾಕಬೇಡಿ. ಮೂರ್ನಾಲ್ಕು ವಾರ ಬಿಡದೆ ಮಾಡಿದರೆ ಕಾಟ ಕಡಿಮೆ ಆಗುತ್ತದೆ.

ಒಳಗೆ ಹುಳ ಇಲ್ಲ, ಮೊಗ್ಗು ಸ್ವಚ್ಛ ಇದೆ ಅಂದರೆ ಹೆಚ್ಚಿನ ಸಲ ನೀರಿನ ತೊಂದರೆ. ಎರಡು ದಿನ ಒಣಗಿಸಿ, ಮೂರನೇ ದಿನ ಕೊಡಗಟ್ಟಲೆ ಸುರಿದರೆ ಗಿಡ ಮೊದಲು ಕೈಬಿಡೋದು ಮೊಗ್ಗನ್ನು. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೂ ಇದೇ ಕತೆ. ನೆರಳು ಹೆಚ್ಚಾದರೂ ಮೊಗ್ಗು ನಿಲ್ಲುವುದಿಲ್ಲ. ದಿನಕ್ಕೆ ಐದಾರು ತಾಸು ಬಿಸಿಲು ಬೇಕು.

ಎಲೆ ತಿರುವಿ ನೋಡಿ

ಮೊಗ್ಗು ಆದ ಮೇಲೆ ಎಲೆಯ ಬೆನ್ನು ನೋಡಬೇಕು. ಹತ್ತಿಯಂಥ ಬಿಳಿ ಹಿಟ್ಟು ಎಲೆಯ ಬೆನ್ನು, ಕೊಂಬೆಯ ಸಂದಿ, ಮೊಗ್ಗಿನ ತೊಟ್ಟಿಗೆ ಅಂಟಿದ್ದರೆ ಅದು ಹಿಟ್ಟು ತಿಗಣೆ. ಇದು ಗಿಡದ ರಸ ಹೀರಿ ಸಿಹಿ ಅಂಟು ಬಿಡುತ್ತದೆ. ಆ ಅಂಟು ತಿನ್ನಲು ಇರುವೆ ಬರುತ್ತವೆ. ಇರುವೆ ಬರೀ ತಿಂದು ಹೋಗುವುದಿಲ್ಲ, ತಿಗಣೆಯನ್ನು ಅದರ ವೈರಿಗಳಿಂದ ಕಾಯುತ್ತವೆ, ಮರಿಗಳನ್ನು ಹೊಸ ಕೊಂಬೆಗೂ ಸಾಗಿಸುತ್ತವೆ. ಅಂಟಿನ ಮೇಲೆ ಕಪ್ಪು ಬೂಸ್ಟು ಬೆಳೆದು ಎಲೆ ಮಸಿ ಬಳಿದಂತೆ ಕಾಣುತ್ತದೆ. ಗಿಡದ ಮೇಲೆ ಇರುವೆ ಸಾಲು ಕಂಡರೆ ಮೇಲೆಲ್ಲೋ ತಿಗಣೆ ಇದೆ ಅಂತಲೇ ಹುಡುಕಿ.

ಇಲ್ಲಿ ಒಂದು ಎಚ್ಚರ. ತಿಗಣೆ ತಿನ್ನುವ ಗುಲಗಂಜಿ ಹುಳದ ಕೆಲವು ಜಾತಿಗಳ ಮರಿಗಳು ನೋಡೋಕೆ ತಿಗಣೆಯಂತೆಯೇ ಬಿಳಿ ಹಿಟ್ಟಿನ ಮೈ ಹೊಂದಿರುತ್ತವೆ. ತಿಗಣೆ ಒಂದೇ ಕಡೆ ಅಂಟಿ ಕೂತಿರುತ್ತದೆ. ಈ ಮರಿ ದೊಡ್ಡದು, ಜೋರಾಗಿ ಓಡಾಡುತ್ತದೆ. ಅದನ್ನು ಬಿಟ್ಟುಬಿಡಿ, ಅದು ನಿಮ್ಮ ಪುಕ್ಕಟೆ ಕೂಲಿ. ನಾನು ಹೊಡೆದ ಎಣ್ಣೆಗೆ ಮೊದಲು ಸತ್ತಿದ್ದು ಇವೇ ಇರಬೇಕು. ಕಾವಲು ಹೋದ ಮೇಲೆ ತಿಗಣೆಗೆ ತಡೆ ಯಾರು?

ಹಿಟ್ಟು ತಿಗಣೆಗೆ ಮನೆಯಲ್ಲೇ ಹೀಗೆ ಮಾಡಿ:

1. ತಿಗಣೆ ಹೆಚ್ಚು ಮೆತ್ತಿದ ಕೊಂಬೆಯ ತುದಿ ಕತ್ತರಿಸಿ ಸೋಪಿನ ನೀರಿನ ಬಕೆಟ್ಟಿಗೆ ಹಾಕಿ.

2. ಉಳಿದ ಗಿಡಕ್ಕೆ ಪೈಪಿನಿಂದ ಜೋರಾಗಿ ನೀರು ಬಿಡಿ, ಎಲೆಯ ಬೆನ್ನಿಗೆ ತಾಗುವಂತೆ. ಅರ್ಧ ಹುಳ ಇದರಲ್ಲೇ ಹೋಗುತ್ತವೆ.

3. ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, 1ರಿಂದ 2 ಮಿ.ಲೀ. ಪಾತ್ರೆ ತೊಳೆಯುವ ಸೋಪಿನ ದ್ರವ. ಮೊದಲು ಸೋಪು ಮತ್ತು ಬೇವಿನ ಎಣ್ಣೆ ಕಲಸಿ, ಆಮೇಲೆ ನೀರು ಸೇರಿಸಬೇಕು. ಇಲ್ಲದಿದ್ದರೆ ಎಣ್ಣೆ ಮೇಲೆ ತೇಲುತ್ತದೆ. ಬಟ್ಟೆ ತೊಳೆಯುವ ಪುಡಿ ಬೇಡ, ಎಲೆ ಸುಡುತ್ತದೆ.

4. ಸಂಜೆ ಹೊತ್ತು ಹೊಡೆಯಿರಿ. ವಾರಕ್ಕೊಮ್ಮೆ, ಮೂರು ವಾರ. ಮೊಟ್ಟೆ ಒಡೆದು ಹೊಸ ಮರಿ ಬರುತ್ತವೆ, ಹಾಗಾಗಿ ಒಂದೇ ಸಲ ಹೊಡೆದರೆ ಸಾಲದು.

5. ಇದಕ್ಕೆ ಹೊಲದ ಪಂಪು ಬಳಸಬೇಡಿ. ತೊಳೆದರೂ ಅದರೊಳಗೆ ಹಳೇ ಔಷಧ, ಕೆಲವು ಸಲ ಕಳೆನಾಶಕ ಉಳಿದಿರುತ್ತದೆ. ಬೇರೆಯದೇ ಒಂದು ಸಣ್ಣ ಕೈಪಂಪು ಮನೆಯಲ್ಲಿಡಿ.

ಬಾಟಲಿ ಮೇಲಿನ ತ್ರಿಕೋನ

ಗೊಬ್ಬರದ ಅಂಗಡಿಯವರಿಗೂ ಗಿರಾಕಿಗಳಿಗೂ ಒಂದು ಮಾತು. ಕೀಟನಾಶಕದ ಬಾಟಲಿ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಅಂದರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಮೊನೊಕ್ರೊಟೊಫಾಸ್ ಅನ್ನು ತರಕಾರಿಗೆ ಬಳಸಬಾರದು ಅಂತ ಕೇಂದ್ರ ಸರ್ಕಾರ 2005ರಲ್ಲೇ ಆದೇಶ ಮಾಡಿತ್ತು. ತಿನ್ನುವ ಕಾಯಿಗೆ ಬೇಡ ಅಂದ ಮೇಲೆ ತಲೆಗೆ ಹಚ್ಚುವ ಎಲೆಗೆ ಬೇಕಾ?

'ದಾಸವಾಳಕ್ಕ ಏನರ ಕೊಡ್ರಿ' ಅಂತ ಯಾರಾದರೂ ಕೌಂಟರಿಗೆ ಬಂದರೆ ಅಂಗಡಿಯವರು ಮೊದಲು ಎಲೆ ತರಲು ಹೇಳಬೇಕು. ಬೇವಿನ ಎಣ್ಣೆ ಮಾರಿದರೂ ವ್ಯಾಪಾರವೇ ಅಲ್ಲವೇ.

ಒಂದು ವೇಳೆ ಕಣ್ಣಿಗೆ ಔಷಧ ತಾಗಿದರೆ ಸ್ವಚ್ಛ ನೀರಿನಿಂದ ಕನಿಷ್ಠ 15 ನಿಮಿಷ ತೊಳೆಯಿರಿ. ಹೊಟ್ಟೆಗೆ ಹೋಗಿದ್ದರೆ ಬಲವಂತವಾಗಿ ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಯಾವ ವಿಷ ಅಂತ ಗೊತ್ತಾದರೆ ಡಾಕ್ಟರಿಗೆ ಚಿಕಿತ್ಸೆ ಸುಲಭ.

ಮಣ್ಣು, ನೀರು, ಗೊಬ್ಬರ

ರೋಗ ಬಂದ ಮೇಲೆ ಓಡಾಡುವುದಕ್ಕಿಂತ ಗಿಡವನ್ನು ಗಟ್ಟಿಯಾಗಿಡುವುದು ಒಳ್ಳೆಯದು. ನಮ್ಮ ಭಾಗದಲ್ಲಿ ಕೆಲವರ ಹಿತ್ತಲ ಕೆಂಪು ಮಣ್ಣು, ಕೆಲವರದು ಎರೆ ಮಣ್ಣು. ಕೆಂಪು ಮಣ್ಣಿನಲ್ಲಿ ದಾಸವಾಳ ಚೆನ್ನಾಗಿ ಬರುತ್ತದೆ. ಎರೆ ಮಣ್ಣು ಇದ್ದವರು ಗುಂಡಿಗೆ ಮರಳು, ತಿಪ್ಪೆಗೊಬ್ಬರ ಸೇರಿಸಿ, ಅರ್ಧ ಅಡಿ ಏರಿ ಮಾಡಿ ಹಚ್ಚಬೇಕು. ಕುಂಡದಲ್ಲಾದರೆ 12 ಇಂಚಿಗಿಂತ ಸಣ್ಣದು ಬೇಡ. ಕೆಂಪು ಮಣ್ಣು ಎರಡು ಪಾಲು, ಕೊಳೆತ ಗೊಬ್ಬರ ಒಂದು ಪಾಲು, ಮರಳು ಒಂದು ಪಾಲು. ತಳದಲ್ಲಿ ತೂತು ಇರಲೇಬೇಕು.

ನೀರು ಹಾಕುವ ಮುಂಚೆ ಬೆರಳನ್ನು ಎರಡು ಇಂಚು ಮಣ್ಣೊಳಗೆ ಇಳಿಸಿ ನೋಡಿ. ತೇವ ತಾಗಿದರೆ ಇವತ್ತು ಬೇಡ. ಬೇಸಿಗೆಯಲ್ಲಿ ಕುಂಡಕ್ಕೆ ದಿನಾ ಬೇಕಾಗಬಹುದು, ಮಳೆಗಾಲದಲ್ಲಿ ವಾರಗಟ್ಟಲೆ ಬೇಡವಾಗಬಹುದು. ಬುಡಕ್ಕೆ ಭತ್ತದ ಹುಲ್ಲು ಅಥವಾ ಒಣ ಎಲೆ ಹರಡಿದರೆ ತೇವ ಉಳಿಯುತ್ತದೆ. ಕಾಂಡಕ್ಕೆ ಮಾತ್ರ ತಾಗಿಸಬೇಡಿ.

ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಗಿಡಕ್ಕೆ ಕಬ್ಬಿಣದ ಅಂಶ ಸಿಗುತ್ತಿಲ್ಲ ಅಂತ ಅರ್ಥ. ಬೋರಿನ ಗಡಸು ನೀರನ್ನೇ ಕುಡಿದ ಗಿಡಗಳಲ್ಲಿ ಇದು ಸಾಮಾನ್ಯ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣದ ಅಂಶ ಹೆಚ್ಚಾದರೆ ಬೇರು ಅದನ್ನು ಎಳೆದುಕೊಳ್ಳಲಾರದು. ಮಾಳಿಗೆಯ ಮಳೆನೀರು ಹಿಡಿದು ಕೊಡಿ, ಕೊಳೆತ ಗೊಬ್ಬರ ಹೆಚ್ಚಿಸಿ.

ಮನೆಯಲ್ಲಿ ಉಳಿದ ಡಿಎಪಿಯನ್ನು ಒಂದು ಮುಷ್ಟಿ ಬುಡಕ್ಕೆ ಹಾಕುವ ರೂಢಿ ಬಹಳ ಕಡೆ ಇದೆ. ಡಿಎಪಿಯಲ್ಲಿ ರಂಜಕ ಶೇ 46 ಇರುತ್ತದೆ. ದಾಸವಾಳಕ್ಕೆ ಅಷ್ಟು ರಂಜಕ ಬೇಡ, ಹೆಚ್ಚಾದರೆ ಕಬ್ಬಿಣ, ಸತು ಸಿಗದಂತೆ ಮಾಡುತ್ತದೆ. ಯೂರಿಯಾ ಹೆಚ್ಚಾದರೆ ಬರೀ ಎಲೆ, ಅದೂ ಮೆತ್ತನೆಯ ಎಲೆ, ತಿಗಣೆಗೆ ಹಬ್ಬ. ನೆಲದ ಗಿಡಕ್ಕೆ ಎರಡು ತಿಂಗಳಿಗೊಮ್ಮೆ ಒಂದೆರಡು ಬುಟ್ಟಿ ಕೊಳೆತ ತಿಪ್ಪೆಗೊಬ್ಬರ, ಕುಂಡಕ್ಕೆ ಎರಡು ಮುಷ್ಟಿ ಎರೆಹುಳು ಗೊಬ್ಬರ ಸಾಕು.

ಕತ್ತರಿ ಯಾವಾಗ?

ದಾಸವಾಳ ಹೂ ಬಿಡೋದು ಹೊಸ ಚಿಗುರಿನ ಮೇಲೆ. ಕತ್ತರಿಸದೆ ಬಿಟ್ಟರೆ ಗಿಡ ಮೇಲೆ ಮೇಲೆ ಹೋಗಿ, ತುದಿಯಲ್ಲಿ ನಾಲ್ಕು ಹೂವು ಕಾಣುತ್ತವೆ. ರೋಹಿಣಿ ಅಥವಾ ಮೃಗಶಿರಾ ಮಳೆ ಬಿದ್ದಾಗ, ಅಂದರೆ ಮೇ ಕೊನೆಯಿಂದ ಜೂನ್ ಮೊದಲ ವಾರಗಳಲ್ಲಿ, ಪ್ರತಿ ಕೊಂಬೆಯ ಮೂರರಲ್ಲೊಂದು ಭಾಗ ಕತ್ತರಿಸಿ. ಅದಕ್ಕಿಂತ ಹೆಚ್ಚು ಬೇಡ. ಹೊರಗೆ ಮುಖ ಮಾಡಿದ ಕಣ್ಣಿನ ಮೇಲೆ ಓರೆಯಾಗಿ ಕತ್ತರಿಸಬೇಕು. ಚಿಗುರು ಬಂದು ಶ್ರಾವಣ, ಗಣೇಶನ ಹಬ್ಬದ ಹೊತ್ತಿಗೆ ಗಿಡ ಹೂವಿಗೆ ನಿಲ್ಲುತ್ತದೆ.

ಕತ್ತರಿಸಿದ ಕಡ್ಡಿ ಬಿಸಾಡಬೇಡಿ. ಪೆನ್ಸಿಲ್ ದಪ್ಪದ ಆರು ಇಂಚಿನ ಕಡ್ಡಿ, ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿಗೆ ಊರಿ ನೆರಳಲ್ಲಿಡಿ. ನಾಲ್ಕರಿಂದ ಆರು ವಾರಕ್ಕೆ ಬೇರು ಬಿಡುತ್ತದೆ. ಪಕ್ಕದ ಮನೆಯವರಿಗೂ ಕೊಡಬಹುದು.

ಕ್ಯಾಮೆಲಿಯಾ ಹಚ್ಚಬಹುದಾ?

ಮೊಬೈಲಿನಲ್ಲಿ ಗುಲಾಬಿಯಂಥ ಕ್ಯಾಮೆಲಿಯಾ ಹೂವು ನೋಡಿ, ನಮ್ಮಲ್ಲೂ ಬರುತ್ತದಾ ಅಂತ ಇಬ್ಬರು ಕೇಳಿದರು. ಅದು ಚಹಾದ ಬಳಗದ್ದು. ನಮ್ಮ ಕಿರಾಣಿ ಅಂಗಡಿಗಳಲ್ಲಿ ದಿನಾ ಮಾರುವ ಚಹಾಪುಡಿಯೂ ಕ್ಯಾಮೆಲಿಯಾ ಜಾತಿಯ ಗಿಡದ ಎಲೆಯೇ. ಅದಕ್ಕೆ ಹುಳಿ ಮಣ್ಣು, ತಂಪು ಹವೆ, ಅರೆನೆರಳು ಬೇಕು. ಊಟಿಯಂಥ ಕಡೆ ಸರಿ. 35 ಡಿಗ್ರಿ ದಾಟುವ ನಮ್ಮ ಏಪ್ರಿಲ್ ಬಿಸಿಲು, ಬೋರಿನ ಗಡಸು ನೀರು ಎರಡೂ ಅದಕ್ಕೆ ಆಗಿಬರಲ್ಲ. ದುಡ್ಡು ಕೊಟ್ಟು ತಂದು ಒಣಗಿಸಬೇಡಿ. ಅಂಥದ್ದೇ ದಟ್ಟ ಎಸಳಿನ ಹೂವು ಬೇಕಿದ್ದರೆ ಮುದ್ದೆ ದಾಸವಾಳ ಇದೆ.

ಕಸಿ ದಾಸವಾಳ ಕೊಳ್ಳುವವರು ಕಸಿ ಕಟ್ಟಿದ ಗಂಟು ಎಲ್ಲಿದೆ ನೋಡಿಕೊಳ್ಳಿ. ಗಂಟಿನ ಕೆಳಗಿನಿಂದ ಬರುವ ಚಿಗುರು ಬೇರುಗಿಡದ್ದು, ಅದನ್ನು ಆಗಾಗ ಮುರಿಯದಿದ್ದರೆ ಎರಡು ವರ್ಷಕ್ಕೆ ಕಸಿ ಬಣ್ಣ ಹೋಗಿ ಬೇರೆ ಹೂವೇ ಉಳಿಯುತ್ತದೆ. ಸಸಿ ತರುವಾಗ ಎಲೆ ತಿರುವಿ ನೋಡೋದನ್ನೂ ಮರೆಯಬೇಡಿ. ಹಿಟ್ಟು ತಿಗಣೆ ಎಷ್ಟೋ ಸಲ ಹೊಸ ಸಸಿಯ ಜೊತೆಗೇ ಮನೆಗೆ ಬರುತ್ತದೆ. ಒಂದು ವಾರ ಬೇರೆ ಗಿಡಗಳಿಂದ ದೂರ ಇಡಿ.

ಯಾರನ್ನು ಕೇಳಬೇಕು?

ಇಷ್ಟು ಮಾಡಿದರೂ ಹತೋಟಿಗೆ ಬರದಿದ್ದರೆ ರೋಗ ಬಿದ್ದ ಕೊಂಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಹಾನಗಲ್ಲಿನ ತೋಟಗಾರಿಕೆ ಇಲಾಖೆ ಕಚೇರಿಗೆ ಒಯ್ದು ತೋರಿಸಿ. ಹಾವೇರಿ ಕಡೆ ಹೋಗುವವರಿಗೆ ದೇವಿಹೊಸೂರಿನ ತೋಟಗಾರಿಕೆ ಸಂಶೋಧನಾ ಕೇಂದ್ರ, ರಾಣೆಬೆನ್ನೂರು ಕಡೆ ಹೋಗುವವರಿಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಇದೆ. ಫೋಟೊ ತೆಗೆಯುವುದಾದರೆ ಎಲೆಯ ಎರಡೂ ಬದಿ ತೆಗೆಯಿರಿ.

ನಮ್ಮ ಗಿಡವನ್ನು ಈ ಸಲ ಜೂನ್‌ನಲ್ಲಿ ಕತ್ತರಿಸಿ, ಬೇವಿನ ಎಣ್ಣೆ ಮೂರು ವಾರ ಹೊಡೆದಿದ್ದೇನೆ. ಇವತ್ತು ಬೆಳಿಗ್ಗೆ ಒಂಬತ್ತು ಹೂವು ಬಿಟ್ಟಿದ್ದವು. ಅವ್ವ ಈಗಲೂ ಎಲೆ ಹರಿಯುವ ಮುಂಚೆ ನನ್ನ ಮುಖ ನೋಡಿ, 'ಏನೂ ಹೊಡದಿಲ್ಲಲ್ಲ?' ಅಂತ ಕೇಳೇ ಹರಿಯುತ್ತಾಳೆ.